ಕಕ್ಕಡದ ಮಳೆಯಲ್ಲಿ ಒಂದು ಲಿನೋಕಟ್

ಜುಲೈ 9
ಹೊಸ ಲಿನೋಕಟ್ ಶುರು, ಅಂದರೆ ಲಿನೋ ಹಲಗೆಯಲ್ಲಿ ಕೆತ್ತಿ, ಶಾಯಿ ಬಳಿದು ಕಾಗದಕ್ಕೆ ಒತ್ತುವ ಚಿತ್ರ. ಮಳೆಯಲ್ಲಿ ಮದ್ದು ಸೊಪ್ಪು ಕೊಯ್ಯುತ್ತಿರುವ ಒಬ್ಬ ಕೊಡವ ಅಜ್ಜಿ. ಆಗಸ್ಟ್ 3ಕ್ಕೆ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನ ಅಡುಗೆ ಮಾಡಿ ಉಣ್ಣುವ ದಿನ. ಅಷ್ಟರಲ್ಲಿ ಮುಗಿಸುವ ಆಸೆ. ಲೆಕ್ಕ ಚೆಂದ ಕಾಣಲಿ ಅಂತ ಸುಮ್ನೆ 18 ಹಾಳೆ ಕತ್ತರಿಸಿಟ್ಟಿದ್ದೇನೆ.

ಮಡಿಕೇರಿಯ ಚಳಿಗೆ ಲಿನೋ ಹಲಗೆ ಬಿರುಸಾಗಿ ಉಳಿ ಜಾರುತ್ತಿದೆ. ಅದು ಅಗಸೆ ಎಣ್ಣೆಗೆ ಕಾರ್ಕ್ ಪುಡಿ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಹರಡಿದ್ದು ತಾನೆ, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಐದು ನಿಮಿಷ ಇಟ್ಟರೆ ಬೆಣ್ಣೆ ಕೆತ್ತಿದ ಹಾಗೆ. ಇಟ್ಟು ಮರೆತರೆ ಅಡುಗೆಮನೆ ತುಂಬ ಎಣ್ಣೆ ವಾಸನೆ. ಮನೆಯವರಿಗೆ ಎರಡನೆಯದು ಮಾತ್ರ ನೆನಪಿರುತ್ತದೆ.

ಈ ಸಲ ರಿಡಕ್ಷನ್ ವಿಧಾನ. ಒಂದೇ ಹಲಗೆ. ಸ್ವಲ್ಪ ಕೆತ್ತುವುದು, ತಿಳಿ ಬಣ್ಣ ಒತ್ತುವುದು. ಅದನ್ನೇ ಇನ್ನಷ್ಟು ಕೆತ್ತಿ ಅದರ ಮೇಲೆ ಗಾಢ ಬಣ್ಣ. ಕೆತ್ತಿ ತೆಗೆದದ್ದು ಹೋಯಿತು, ಹಿಂದಕ್ಕೆ ದಾರಿ ಇಲ್ಲ.

ಜುಲೈ 17
ತಿಳಿ ಬೂದು ಬಣ್ಣ ಒತ್ತಿ ಐದು ದಿನ ಆಯಿತು. ಇನ್ನೂ ಬೆರಳಿಗೆ ಅಂಟುತ್ತಿದೆ. ಎಣ್ಣೆ ಶಾಯಿ ನೀರಿನ ಹಾಗೆ ಆರುವುದಲ್ಲ, ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗಬೇಕು. ಚಳಿ, ಥಂಡಿಯಲ್ಲಿ ಅದಕ್ಕೂ ಸೋಮಾರಿತನ. ಮಾರ್ಚ್‌ನಲ್ಲಿ ಎರಡು ದಿನ ಸಾಕಾಗಿತ್ತು.

ರಟ್ಟಿನ ಪೆಟ್ಟಿಗೆಯೊಳಗೆ 60 ವ್ಯಾಟ್ ಬಲ್ಬು ಹಾಕಿ ಒಣಗಿಸೋಣ ಅಂದರೆ ಕರೆಂಟು ಇಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಎರಡು ಹಾಳೆ ನೇತುಹಾಕಿದೆ. ಒಣಗಿದವು, ನಿಜ. ಹಳೇ ದಾಖಲೆಪತ್ರದ ಹಾಗೆ ಹಳದಿಯೂ ಆದವು. ಉಳಿದದ್ದು 16.

ಈ ನಡುವೆ ಹೊಟ್ಟೆಪಾಡಿನ ಕೆಲಸ: ಕಾಫಿಪುಡಿ ಪ್ಯಾಕೆಟ್ಟಿಗೊಂದು ಲೇಬಲ್. ಕಾಳುಮೆಣಸಿನ ಬಳ್ಳಿ ಬೇಕಂತೆ, ಆನೆ ಬೇಕಂತೆ, ಜಲಪಾತವೂ ಬೇಕಂತೆ. ಲೇಬಲ್ಲಿನ ಅಗಲ ಎರಡು ಇಂಚು.

ಜುಲೈ 25
ಎರಡನೇ ಬಣ್ಣ, ಎಲೆ ಹಸಿರು. ಥಂಡಿ ಕುಡಿದ ಕಾಗದ ಹಿಗ್ಗಿದ್ದರಿಂದ ಮೂರು ಹಾಳೆಗಳಲ್ಲಿ ಹಸಿರು ಒಂದು ಮಿಲಿಮೀಟರ್ ಪಕ್ಕಕ್ಕೆ ಬಿತ್ತು. ಅವೂ ಹೋದವು.

ಆದರೆ ನಿಜವಾದ ಎಡವಟ್ಟು ಬೇರೆಯೇ ಇದೆ. ಪಕ್ಕದ ಮನೆ ಅಜ್ಜಿ ಮೊಟ್ಟೆ ಕೊಡಲು ಬಂದವರು ಚಿತ್ರವನ್ನೇ ನೋಡಿ ನಿಂತರು. "ಇವಳು ಯಾವ ಊರವಳು? ಸೆರಗು ಎಡ ಹೆಗಲಿಗೆ ಹಾಕಿದ್ದಾಳೆ!" ಅಂದರು.

ನನಗೆ ಬೆವರಿತು. ಕೊಡವ ಸೀರೆಯಲ್ಲಿ ನೆರಿಗೆ ಹಿಂದೆ, ಸೆರಗು ಎಡಗೈಯ ಕೆಳಗಿಂದ ಬಂದು ಬಲ ಹೆಗಲ ಮೇಲೆ ನಿಲ್ಲುತ್ತದೆ. ನಾನು ಬರೆದದ್ದು ಸರಿಯಾಗಿಯೇ ಇತ್ತು. ಹಲಗೆಯ ಮೇಲೆ ಸರಿ ಇದ್ದದ್ದು ಕಾಗದದಲ್ಲಿ ಕನ್ನಡಿಯ ಹಾಗೆ ತಿರುಗುತ್ತದೆ ಅನ್ನೋದನ್ನ ಮರೆತಿದ್ದೆ. ಮಕ್ಕಳಿಗೆ ಹೇಳಿಕೊಡುವ ಮೊದಲನೇ ಪಾಠ ಅದು! ಮೊದಲ ಬಣ್ಣ ತೀರಾ ತಿಳಿಯಾಗಿದ್ದರಿಂದ ಕಣ್ಣಿಗೂ ಬಿದ್ದಿರಲಿಲ್ಲ. ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ಕೋಲು ಹಿಡಿದು ನಡೆಯುವ ಗಾಂಧೀಜಿಯನ್ನು ಲಿನೋದಲ್ಲಿ ಕೆತ್ತಿದಾಗ ಇಸವಿಯನ್ನೂ ತಿರುಗಿಸಿ ಕೆತ್ತಿದ್ದರು. ನನಗೆ ಒಂದು ಸೆರಗು ತಿರುಗಿಸಲು ಆಗಲಿಲ್ಲ.

ಆಗಸ್ಟ್ 3
ಕಕ್ಕಡ 18 ಬಂತು, ಚಿತ್ರ ಮುಗಿದಿಲ್ಲ. ಮದ್ದು ಸೊಪ್ಪಿನ ಪಾಯಸ ಮಾತ್ರ ಎರಡು ಬಟ್ಟಲು ಆಯಿತು. ಹಸಿರು ಸೊಪ್ಪು ಬೇಯಿಸಿದರೆ ನೇರಳೆ ರಸ ಬಿಡುತ್ತದಲ್ಲ, ಅದನ್ನು ಹಾಳಾದ ಹಾಳೆಗೆ ಬಳಿದು ನೋಡಿದೆ. ಎಂಥ ಬಣ್ಣ! ಕಿಟಕಿಗೆ ಅಂಟಿಸಿಟ್ಟಿದ್ದೇನೆ, ಬೆಳಕಿಗೆ ಎಷ್ಟು ದಿನ ತಾಳುತ್ತದೆ ನೋಡೋಣ.

ಆಗಸ್ಟ್ 12
ತಾಳಲಿಲ್ಲ. ನೇರಳೆ ಈಗ ಕೊಳಕು ಬೂದು.

ಸೆರಗಿಗೆ ಮಾತ್ರ ಮದ್ದು ಸಿಕ್ಕಿತು. ತೋಟದ ಕೆಲಸಕ್ಕೆ ಹೋಗುವವರನ್ನು ಗೇಟಿನ ಹತ್ತಿರ ನೋಡುತ್ತಾ ನಿಂತಿದ್ದೆ. ಎಲ್ಲರ ತಲೆ ಮೇಲೂ ಹೆಗಲು, ಬೆನ್ನು ಮುಚ್ಚುವ ಪ್ಲಾಸ್ಟಿಕ್ ಕೊಪ್ಪೆ. ಈ ಮಳೆಯಲ್ಲಿ ಬರೀ ಸೀರೆ ಉಟ್ಟು ಸೊಪ್ಪು ಕೊಯ್ಯಲು ಯಾರು ಹೋಗುತ್ತಾರೆ? ನನ್ನ ಚಿತ್ರ ಮೊದಲಿನಿಂದಲೂ ಕ್ಯಾಲೆಂಡರ್ ಚಿತ್ರವೇ ಆಗಿತ್ತು.

ಹಾಗಾಗಿ ಗಾಢ ಹಸಿರು, ಕಪ್ಪು ಮುಗಿಸಿ, ಒಂದು ಸಣ್ಣ ಲಿನೋ ತುಂಡಿನಲ್ಲಿ ಕೊಪ್ಪೆಯನ್ನಷ್ಟೇ ಬೇರೆ ಕೆತ್ತಿದೆ. ಟಾರ್ಪಾಲಿನ ನೀಲಿ. ಕೆಳಗಿನ ಸೆರಗು ಕಾಣದಿರಲಿ ಅಂತ ಬಿಳಿ ಜಾಸ್ತಿ ಬೆರೆಸಿ ಹೆಗಲ ಮೇಲೆ ಒತ್ತಿದೆ. ಅಷ್ಟೊಂದು ಹಸಿರಿನ ನಡುವೆ ಆ ನೀಲಿ ಏನು ಹೊಳೆಯುತ್ತಿದೆ ಅಂತೀರಿ!

13 ಹಾಳೆ ಉಳಿದವು. 1/13 ಅಂತ ಪೆನ್ಸಿಲ್‌ನಲ್ಲಿ ಬರೆದು ಮೊದಲನೆಯದನ್ನು ಅಜ್ಜಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಈಗ ಸರಿ. ಆದರೆ ಕತ್ತಿ ಎಡಗೈಯಲ್ಲಿ ಹಿಡಿದಿದ್ದಾಳಲ್ಲ?"

ಎಡಚಿ ಅಂದೆ.