ಅಪ್ಪನ ಕಿರ್ದಿ

ನರ್ಸ್ ಅಪ್ಪನ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು. ಏನೂ ಹೇಳಲಿಲ್ಲ. ಪಟ್ಟಿ ಬಿಚ್ಚಿ, ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವರಿಗೆ ಬಿಪಿ ಅದ ಏನ್ರಿ?" ಅಂತ ಕೇಳಿದರು.

ಇಲ್ಲ ಅಂದೆ. ಇಲ್ಲ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು.

188/104 ಇತ್ತು. ಅರ್ಧ ಗಂಟೆ ಮಲಗಿಸಿ ನೋಡಿದಾಗ 182/102.

ಶರಣಬಸವೇಶ್ವರರ ಜಾತ್ರೆ ಮುಗಿದು ಎರಡು ವಾರವಾಗಿತ್ತು. ಕಲಬುರಗಿಯ ಬಿಸಿಲು ಬೆಳಿಗ್ಗೆ ಒಂಬತ್ತಕ್ಕೇ ಮುಖಕ್ಕೆ ಹೊಡೆಯುತ್ತಿತ್ತು. ಅಪ್ಪನ ಎಡಗಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬಂದು ಒಂದು ವರ್ಷವಾಗಿತ್ತು. ಬಿಸಿಲು ಜಾಸ್ತಿಯಾಗುವ ಮೊದಲೇ ಆಪರೇಷನ್ ಮಾಡಿಸಿಬಿಡೋಣ ಅಂತ ಆ ಶನಿವಾರ ಗೊತ್ತು ಮಾಡಿದ್ದೆವು. ಅಪ್ಪ ಆಗಲೇ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು, ತಲೆಗೆ ಟೋಪಿ ಹಾಕಿಕೊಂಡು ಕೂತಿದ್ದರು. ಕಣ್ಣಿನ ಡಾಕ್ಟರ್ ಬಂದು ನಿಧಾನವಾಗಿ ಹೇಳಿದರು. ಇಷ್ಟು ಬಿಪಿ ಇದ್ದಾಗ ಕಣ್ಣು ಮುಟ್ಟಿದರೆ ಒಳಗೆ ರಕ್ತಸ್ರಾವ ಆಗಬಹುದು, ಇವತ್ತು ಬೇಡ. ಎದೆ ನೋವು ಇದೆಯಾ, ಉಸಿರು ಕಟ್ಟುತ್ತದಾ, ಕೈಕಾಲು ಜೋಮು ಹಿಡಿಯುತ್ತದಾ, ಮಾತು ತೊದಲುತ್ತದಾ ಅಂತ ಒಂದೊಂದಾಗಿ ಕೇಳಿದರು. ಅಪ್ಪ ಎಲ್ಲದಕ್ಕೂ ಇಲ್ಲ ಅಂದರು. ಇವುಗಳಲ್ಲಿ ಒಂದು ಕಾಣಿಸಿದರೂ ರಾತ್ರಿ ಎಷ್ಟೊತ್ತಾದರೂ ದೊಡ್ಡ ಆಸ್ಪತ್ರೆಗೆ ಓಡಿ, ಇಲ್ಲದಿದ್ದರೆ ಸೋಮವಾರ ಫಿಜಿಷಿಯನ್ ಹತ್ತಿರ ತೋರಿಸಿ ಅಂದರು.

ಅಪ್ಪ ಹಸಿರು ಅಂಗಿ ಬಿಚ್ಚಿ ತಮ್ಮ ಬಿಳಿ ಅಂಗಿ ಹಾಕಿಕೊಂಡರು. ಆಟೋದಲ್ಲಿ ಒಂದೇ ಮಾತು ಆಡಿದರು. "ನಾ ಆರಾಮ್ ಇದ್ದೀನಲ್ಲ ಯವ್ವಾ. ನನಗೇನ್ ಆಗ್ಯಾದ?"

ಅದೇ ನನ್ನ ಎದೆ ನಡುಗಿಸಿದ ಮಾತು. ನಮ್ಮ ದೊಡ್ಡಪ್ಪನೂ ಹೀಗೇ ಹೇಳುತ್ತಿದ್ದರು.

ದೊಡ್ಡಪ್ಪ ಚಿತ್ತಾಪುರ ತಾಲೂಕಿನ ನಮ್ಮ ಊರಲ್ಲೇ ಇದ್ದವರು. ಅವರಿಗೆ ಬಿಪಿ ಇರುವುದು ಗೊತ್ತಾಗಿತ್ತು. ಆರು ತಿಂಗಳು ಗುಳಿಗೆ ನುಂಗಿದರು. ತಲೆ ಸುತ್ತಲ್ಲ, ನೋವಿಲ್ಲ, ಸುಮ್ನೆ ಯಾಕೆ ನುಂಗಬೇಕು ಅಂತ ಬಿಟ್ಟರು. ಒಂದು ದಿನ ನಸುಕಿನಲ್ಲಿ ಹೊಲಕ್ಕೆ ಹೊರಟವರು ಅಂಗಳದಲ್ಲೇ ಕುಸಿದರು. ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಆಮೇಲೆ ನಾಲ್ಕು ವರ್ಷ ಮಂಚದ ಮೇಲೆ ಬದುಕಿದರು. ಪ್ರತಿ ಭಾನುವಾರ ಊರಿಗೆ ಹೋಗಿ ಅವರನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ ಬರುತ್ತಿದ್ದವರು ನಮ್ಮಪ್ಪ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಸಲ ಎದ್ದು ಹೋಗಿ ಅಪ್ಪನ ಮಂಚದ ಹತ್ತಿರ ನಿಂತೆ. ಫ್ಯಾನಿನ ಸದ್ದಿನಲ್ಲಿ ಉಸಿರು ಕೇಳಿಸುತ್ತಿರಲಿಲ್ಲ. ಎದೆ ಏರಿಳಿಯುವುದನ್ನು ನೋಡಿಕೊಂಡು ಬಂದು ಮಲಗಿದೆ. ಎರಡನೇ ಸಲ ನಿಂತಾಗ ಕತ್ತಲಲ್ಲೇ ಅಪ್ಪ, "ಹೋಗಿ ಮಕ್ಕೋ ಯವ್ವಾ" ಅಂದರು. ಅವರಿಗೂ ನಿದ್ದೆ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವುದನ್ನೇ ಕಾದು ಸೂಪರ್ ಮಾರ್ಕೆಟ್ ಕಡೆ ಹೋಗಿ ಬಿಪಿ ಮಷಿನ್ ತಂದೆ. ಎರಡು ಸಾವಿರದ ಮೇಲೆ ಚಿಲ್ಲರೆ ಆಯಿತು. ಬಂದವಳೇ ಅಪ್ಪನ ತೋಳಿಗೆ ಕಟ್ಟಿದೆ. 174/98. ಇನ್ನೊಮ್ಮೆ ನೋಡಿದೆ, 179/100. ಹತ್ತು ನಿಮಿಷ ಬಿಟ್ಟು ನೋಡಿದೆ, 181. ಚಹಾ ಕುಡಿದ ಮೇಲೆ ನೋಡಿದೆ. ಊಟಕ್ಕೆ ಕೂರುವ ಮುಂಚೆ ನೋಡಿದೆ. ಮಷಿನ್ ಗುಂಯ್ ಅಂದಾಗಲೆಲ್ಲ ಅವ್ವ ಅಡುಗೆಮನೆಯಿಂದ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ನಾನು ಸಂಖ್ಯೆ ಜೋರಾಗಿ ಓದುತ್ತಿದ್ದೆ. ಪ್ರತಿ ಸಲವೂ ಮನೆಯಲ್ಲಿ ಒಂದು ಮೌನ ಬೀಳುತ್ತಿತ್ತು. ಸಂಜೆ ಹೊತ್ತಿಗೆ ಹನ್ನೊಂದು ಸಲ ಆಗಿತ್ತು.

ಹನ್ನೆರಡನೇ ಸಲಕ್ಕೆ ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡರು.

ಅಪ್ಪ ನೆಹರು ಗಂಜಿನ ಒಂದು ಅಡತಿ ಅಂಗಡಿಯಲ್ಲಿ 38 ವರ್ಷ ಮುನೀಮರಾಗಿದ್ದವರು. ತೊಗರಿ ಸುಗ್ಗಿಯಲ್ಲಿ ದಿನಕ್ಕೆ ನೂರಾರು ಚೀಲದ ತೂಕ, ದರ, ಹಮಾಲಿ, ರೈತನ ಹೆಸರು, ಎಲ್ಲ ಅವರ ಕೈಯಿಂದಲೇ ಕಿರ್ದಿ ಪುಸ್ತಕಕ್ಕೆ ಇಳಿಯುತ್ತಿತ್ತು. ಈಗ ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಅಪ್ಪ ಕೆಲಸಕ್ಕೆ ಸೇರಿದಾಗ ದೊಡ್ಡ ತಕ್ಕಡಿ. ಚೀಲ ಇಟ್ಟ ಕೂಡಲೇ ಅದು ಜೋಲಿ ಹೊಡೆಯುತ್ತದೆ. ಆಗ ಓದಿದವನ ತೂಕ ತಪ್ಪು.

"ಕಾಟಾ ನಿಂದರ್ಲಿ ಯವ್ವಾ. ಜೋಲಿ ಹೊಡಿಯೋ ಮುಂದ ಓದಿದ್ರ ತೂಕ ಹ್ಯಾಂಗ ಖರೇ ಬರ್ತದ?" ಅಂದರು.

ಸಿಟ್ಟಿನಿಂದ ಹೇಳಲಿಲ್ಲ. ಗಂಜಿನಲ್ಲಿ ಹೊಸ ಹುಡುಗನಿಗೆ ಕೆಲಸ ಕಲಿಸುವವರ ಹಾಗೆ ಹೇಳಿದರು. ನಾನು ಮಷಿನ್ ಎತ್ತಿ ಒಳಗಿಟ್ಟೆ.

ಮರುದಿನ ಡಾಕ್ಟರ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅಪ್ಪನನ್ನು ಕಾಕಾ ಅಂತಲೇ ಮಾತಾಡಿಸಿದರು. ಐದು ನಿಮಿಷ ಸುಮ್ಮನೆ ಕೂರಿಸಿದರು. ಬೆನ್ನು ಕುರ್ಚಿಗೆ ಆನಿಸಿ, ಪಾದ ಎರಡೂ ನೆಲಕ್ಕೆ ಊರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿದರು. ಅಂಗಿಯ ತೋಳಿನ ಮೇಲೆ ಕಟ್ಟಬಾರದು, ಬರಿ ತೋಳಿಗೆ ಕಟ್ಟಬೇಕು. ನೋಡುವಾಗ ಮಾತಾಡಬಾರದು. ಚಹಾ ಕುಡಿದು ಅರ್ಧ ಗಂಟೆ ಆಗಿರಬೇಕು, ಮೂತ್ರಕ್ಕೆ ಹೋಗಿ ಬಂದಿರಬೇಕು. ಹಿಂದಿನ ದಿನ ನಾನು ಇದರಲ್ಲಿ ಒಂದನ್ನೂ ಪಾಲಿಸಿರಲಿಲ್ಲ. ಅಂಗಿಯ ಮೇಲೆಯೇ ಕಟ್ಟಿದ್ದೆ. ಮಾತಾಡಿಸುತ್ತಲೇ ನೋಡಿದ್ದೆ.

ಇಷ್ಟೆಲ್ಲ ಮಾಡಿದರೂ 170/98 ಬಂತು. ಅಂದರೆ ಅದು ಗಾಬರಿಯ ಬಿಪಿ ಮಾತ್ರ ಅಲ್ಲ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ದಾಟಿದರೆ ಅದನ್ನು ಹೆಚ್ಚು ಅಂತಲೇ ಹಿಡಿಯುತ್ತಾರೆ. ಮನೆಯಲ್ಲಿ ನೋಡುವಾಗ ಗಡಿ ಇನ್ನೂ ಕಡಿಮೆ, 135/85. ಇಸಿಜಿ ಮಾಡಿದರು. ರಕ್ತದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ, ಸಕ್ಕರೆ, ಕೊಬ್ಬು, ಮೂತ್ರದಲ್ಲಿ ಪ್ರೋಟೀನ್, ಎಲ್ಲ ಬರೆದುಕೊಟ್ಟರು. ಬಿಪಿ ಸದ್ದಿಲ್ಲದೆ ಕೆಡಿಸುವುದು ಹೃದಯ, ಮೆದುಳು, ಕಿಡ್ನಿ, ಕಣ್ಣುಗಳನ್ನೇ. ಅದಕ್ಕೇ ಮೊದಲು ಅವೆಲ್ಲ ಹೇಗಿವೆ ಅಂತ ನೋಡಬೇಕು ಅಂದರು.

ಆಮೇಲೆ ಒಂದು ಪ್ರಶ್ನೆ ಕೇಳಿದರು. "ಕಾಕಾ, ಬ್ಯಾರೆ ಏನರ ಗುಳಿಗಿ ತಗೋತೀರೇನು?"

ಅಪ್ಪ ಇಲ್ಲ ಅಂದರು. ನಾನೂ ಇಲ್ಲ ಅಂದೆ. ಅವ್ವ ಹಿಂದೆ ಕೂತಿದ್ದವಳು ಸೆರಗು ಸರಿಮಾಡಿಕೊಂಡು, "ಮಣಕಾಲಿಗಿ ತಗೋತಾರಲ್ಲ" ಅಂದಳು.

ಮೊಣಕಾಲು ನೋವಿಗೆ ಅಪ್ಪ ನಾಲ್ಕು ತಿಂಗಳಿಂದ ಮನೆ ಹತ್ತಿರದ ಔಷಧಿ ಅಂಗಡಿಯಲ್ಲಿ ನೋವಿನ ಗುಳಿಗೆ ತಂದು ನುಂಗುತ್ತಿದ್ದರಂತೆ. ದಿನಕ್ಕೊಂದು, ಕೆಲವು ದಿನ ಎರಡು. ಚೀಟಿ ಇಲ್ಲ, ಕೇಳಿದವರಿಲ್ಲ. ಅವ್ವನ ಚೀಲದಲ್ಲೇ ಆ ಗುಳಿಗೆಯ ಒಂದು ಪಟ್ಟಿ ಇತ್ತು. ಡಾಕ್ಟರ್ ಹಿಂದೆ ಮುಂದೆ ತಿರುಗಿಸಿ ನೋಡಿದರು. ಡೈಕ್ಲೋಫೆನಾಕ್. ಈ ಜಾತಿಯ ನೋವಿನ ಗುಳಿಗೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ, ಕಿಡ್ನಿಗೂ ಭಾರ ಅಂದರು. ಅದನ್ನು ಇವತ್ತೇ ನಿಲ್ಲಿಸಿ, ಮೊಣಕಾಲಿಗೆ ಬೇರೆ ದಾರಿ ನೋಡೋಣ ಅಂತ ಪ್ಯಾರಾಸಿಟಮಾಲ್ ಮತ್ತು ಕಾಲಿನ ಎರಡು ವ್ಯಾಯಾಮ ಹೇಳಿಕೊಟ್ಟರು.

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಒಂದೇ ಮನೆಯಲ್ಲಿ ಇದ್ದೇವೆ. ಅಪ್ಪನ ಮೊಣಕಾಲು ಅಷ್ಟು ನೋಯುತ್ತಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಸಂಜೆ ಕಲಬುರಗಿಯ 'ಅಪ್ಪನ ಕೆರೆ' ಕಡೆ ತಿರುಗಾಡಲು ಹೋಗುವುದನ್ನು ಅಪ್ಪ ಬಿಟ್ಟಿದ್ದರು. ಬಿಸಿಲಿಗೆ ಬಿಟ್ಟಿರಬೇಕು ಅಂದುಕೊಂಡಿದ್ದೆ.

ಬಿಪಿಗೆ ಆಮ್ಲೊಡಿಪಿನ್ 5 ಮಿಲಿಗ್ರಾಂ, ದಿನಕ್ಕೊಂದು. ಪಾದ ಊದಿದರೆ ಬಂದು ಹೇಳಿ, ನೀವೇ ಬಿಡಬೇಡಿ ಅಂದರು. ಬಿಪಿ ಇಳಿಯಿತು ಅಂತಲೂ ಬಿಡಬೇಡಿ, ಗುಳಿಗೆ ನುಂಗಿದ್ದಕ್ಕೇ ಅದು ಇಳಿದಿರುತ್ತದೆ ಅಂದರು. ಅಪ್ಪ ತಲೆ ತಗ್ಗಿಸಿ, "ನಮ್ಮ ಅಣ್ಣ ಬಿಟ್ಟಿದ್ದ" ಅಂದರು. ಅಷ್ಟೇ ಅಂದರು. ಡಾಕ್ಟರ್ ಮುಂದೆ ಏನೂ ಕೇಳಲಿಲ್ಲ.

ಕೊನೆಗೆ ಉಪ್ಪಿನ ಮಾತು ಬಂತು. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸುಮಾರು ಒಂದು ಚಹಾ ಚಮಚ. ಪಲ್ಯ, ಸಾರು, ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಎಲ್ಲ ಸೇರಿ ಅಷ್ಟು. ಅವ್ವ ಕೂಡಲೇ, "ರೊಟ್ಟ್ಯಾಗ ನಾವ್ ಉಪ್ಪು ಹಾಕಲ್ರಿ" ಅಂದಳು. ಅದು ನಿಜ. ಜೋಳದ ರೊಟ್ಟಿಗೆ ಉಪ್ಪಿಲ್ಲ. ಆದರೆ ಅದರ ಜೊತೆ ತಟ್ಟೆಗೆ ಬರುವ ಎಲ್ಲದರಲ್ಲೂ ಇದೆ. ಬೇಸಿಗೆ ಅಂತ ಮಜ್ಜಿಗೆಗೆ ಒಂದು ಚಿಟಿಕೆ ಜಾಸ್ತಿಯೇ ಬೀಳುತ್ತದೆ.

ಮನೆಗೆ ಬಂದ ಮೇಲೆ ಅಪ್ಪ ಊಟ ಮುಗಿಸಿ ಸುಮ್ಮನೆ ಕೂತಿದ್ದರು. ಆಮೇಲೆ ಅವ್ವನನ್ನು ಕರೆದು, "ಉಪ್ಪಿನ ಪಾಕೀಟು ಎಷ್ಟ್ ದಿನಕ್ಕ ಮುಗಿತದ?" ಅಂತ ಕೇಳಿದರು. ಒಂದು ಕಿಲೋ ಪಾಕೀಟು ಇಪ್ಪತ್ತೈದು ದಿನಕ್ಕೆ ಖಾಲಿ ಅಂದಳು ಅವ್ವ. ಉಪ್ಪಿನಕಾಯಿಯ ಹರಳುಪ್ಪು ಬೇರೆ.

ಅಪ್ಪ ಬೆರಳ ಮೇಲೇ ಲೆಕ್ಕ ಹಾಕಿದರು. ಸಾವಿರ ಗ್ರಾಂ, ಇಪ್ಪತ್ತೈದು ದಿನ, ದಿನಕ್ಕೆ 40. ಮನೆಯಲ್ಲಿ ಮೂವರು. ತಲೆಗೆ 13ರ ಮೇಲೆ. ಪಾತ್ರೆಯಲ್ಲಿ ಉಳಿಯುವುದು, ಚೆಲ್ಲುವುದು ಒಂದಿಷ್ಟು ಕಳೆದರೂ ಹೇಳಿದ್ದರ ಎರಡು ಪಟ್ಟು ಆಗುತ್ತದೆ. ಡಾಕ್ಟರ್ ಹೇಳಿದ ಹಾಗೆ ಹಾಕಿದರೆ ಅದೇ ಪಾಕೀಟು ಎರಡು ತಿಂಗಳ ಮೇಲೆ ಬರಬೇಕು. ನಾನು ಎರಡು ದಿನ ಮೊಬೈಲಿನಲ್ಲಿ ಓದಿದ್ದು ಒಂದೂ ನನ್ನ ಮನಸ್ಸಿಗೆ ಇಷ್ಟು ಸ್ಪಷ್ಟವಾಗಿ ಇಳಿದಿರಲಿಲ್ಲ.

ಆಮೇಲೆ ಟ್ರಂಕಿನಿಂದ ಒಂದು ಹಳೆಯ ಕಿರ್ದಿ ಪುಸ್ತಕ ತೆಗೆದರು. ಕೆಂಪು ಬಟ್ಟೆಯ ರಟ್ಟು, ಉದ್ದ ಹಾಳೆ. ನೌಕರಿ ಬಿಟ್ಟ ದಿನ ಅಂಗಡಿ ಮಾಲೀಕರು ಕೊಟ್ಟದ್ದಂತೆ, ಒಂದು ಹಾಳೆಯೂ ಬರೆದಿರಲಿಲ್ಲ. ಮೇಲೆ "ಶ್ರೀ" ಬರೆದು, ಸ್ಕೇಲ್ ಇಟ್ಟು ಗೆರೆ ಎಳೆದರು. ತಾರೀಖು, ಮುಂಜಾನೆ, ಸಂಜೆ, ಗುಳಿಗೆ, ಷರಾ. ಎಡಗಣ್ಣು ಮಂಜು, ಆದರೂ ಗೆರೆ ನೆಟ್ಟಗಿತ್ತು. ಬೆಳಿಗ್ಗೆ ಗುಳಿಗೆಗೆ ಮೊದಲು ಎರಡು ಸಲ, ಒಂದು ನಿಮಿಷದ ಅಂತರ. ಸಂಜೆಯೂ ಹಾಗೇ. ಅದರಾಚೆ ಮಷಿನ್ ಮುಟ್ಟುವ ಹಾಗಿಲ್ಲ ಅಂತ ನನಗೆ ಹೇಳಿದರು.

ಅಡುಗೆಮನೆಯಲ್ಲಿ ಸುಲಭವಾಗಿ ಆಗಲಿಲ್ಲ. ಅವ್ವ ಮೊದಲು ಅಪ್ಪನಿಗೆ ಬೇರೆ ಪಲ್ಯ ತೆಗೆದಿಡಲು ಶುರು ಮಾಡಿದಳು. ಅಪ್ಪ ಎರಡು ದಿನ ತಿಂದರು, ಮೂರನೇ ದಿನ ರೊಟ್ಟಿ ಮುರಿದು ಹಾಗೇ ಕೂತರು. ಆಮೇಲೆ ಮೂವರಿಗೂ ಒಂದೇ ಪಾತ್ರೆ ಅಂತಾಯಿತು. ಪುಂಡಿ ಪಲ್ಯಕ್ಕೆ ಅದರದೇ ಹುಳಿ ಇರುವುದರಿಂದ ಉಪ್ಪು ತಗ್ಗಿದ್ದು ಅಷ್ಟು ಗೊತ್ತಾಗಲಿಲ್ಲ. ಶೇಂಗಾ ಹಿಂಡಿಗೆ ಅವ್ವ ಬೆಳ್ಳುಳ್ಳಿ ಜಾಸ್ತಿ ಹಾಕಿ ಕುಟ್ಟಿದಳು. ಬೇಳೆ ಮಾತ್ರ ತುಂಬಾ ದಿನ ಸಪ್ಪೆ ಅನ್ನಿಸಿತು. ನಮ್ಮ ಕಡೆಯ ತೊಗರಿ ಬೇಳೆಯ ರುಚಿ ಗೊತ್ತಿದ್ದವರಿಗೆ ಅದು ಕಷ್ಟವೇ, ಅಲ್ವಾ? ಈ ವರ್ಷದ ಮಾವಿನ ಉಪ್ಪಿನಕಾಯಿಯನ್ನು ಅವ್ವ ಅರ್ಧದಷ್ಟೇ ಹಾಕಿದಳು. ಹಾಕುವಾಗ ಅಳುತ್ತಿದ್ದಳು. ಖಾರದ ಘಾಟಿಗೆ ಅಂದಳು. ನಾನು ಹತ್ತಿರ ಕೂತು ಹೋಳು ಒರೆಸಿಕೊಟ್ಟೆ.

ಎರಡು ವಾರದ ನಂತರ ಅಪ್ಪ ಕಿರ್ದಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಡಾಕ್ಟರ್ ಹತ್ತಿರ ಬಂದರು. ರಕ್ತ, ಮೂತ್ರದ ವರದಿಯಲ್ಲಿ ಅಂಥದ್ದೇನೂ ಇರಲಿಲ್ಲ. ಸರಾಸರಿ 148/88 ಆಗಿತ್ತು. ಟೆಲ್ಮಿಸಾರ್ಟಾನ್ 40 ಅಂತ ಇನ್ನೊಂದು ಗುಳಿಗೆ ಸೇರಿತು. ಎರಡನೇ ಗುಳಿಗೆ ಅಂದಾಗ ನನ್ನ ಕೈ ತಣ್ಣಗಾಯಿತು. ಬಹಳ ಜನರಿಗೆ ಎರಡು ಬೇಕಾಗುತ್ತದೆ, ಅದರಲ್ಲಿ ಹೆದರುವುದೇನಿಲ್ಲ ಅಂದರು ಡಾಕ್ಟರ್. ಅಪ್ಪ ಆಗಲೇ ಪೆನ್ನು ತೆಗೆದು ಹೊಸ ಗುಳಿಗೆಗೆ ಇನ್ನೊಂದು ಗೆರೆ ಎಳೆಯುತ್ತಿದ್ದರು.

ನನ್ನ ಹೆದರಿಕೆ ಪೂರ್ತಿ ಹೋಗಿಲ್ಲ. ಫೋನಿನಲ್ಲಿ ಅಪ್ಪನ ಮಾತು ಸ್ವಲ್ಪ ತಡವರಿಸಿದರೂ ಕಿವಿ ನೆಟ್ಟಗಾಗುತ್ತದೆ. ರಾತ್ರಿ ಎದ್ದು ನೋಡುವುದನ್ನು ಮಾತ್ರ ಬಿಟ್ಟಿದ್ದೇನೆ. ಬೆಳಿಗ್ಗೆ ಕಿರ್ದಿ ನೋಡುತ್ತೇನೆ.

ಆರನೇ ವಾರ ಸರಾಸರಿ 132/82 ಬಂತು. ಅದೇ ವಾರ ಕಣ್ಣಿನ ಆಪರೇಷನ್ ಆಯಿತು. ಈ ಸಲ ನರ್ಸ್ ಒಂದೇ ಸಲ ನೋಡಿ ಪಟ್ಟಿ ಬಿಚ್ಚಿದರು. ಮರುದಿನ ಬೆಳಿಗ್ಗೆ ಅಪ್ಪ ಕಪ್ಪು ಚಸ್ಮಾ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಬಗ್ಗಿ ಬರೆಯಬಾರದು ಅಂತ ಕಿರ್ದಿ ನನ್ನ ಕೈಗೆ ಬಂತು. ಐದು ನಿಮಿಷ ಇಬ್ಬರೂ ಮಾತಾಡದೆ ಕೂತೆವು. ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಹೋದ. ಎರಡು ಸಲ ನೋಡಿದೆ, ಬರೆದೆ. ಅಪ್ಪ ಚಸ್ಮಾ ಸ್ವಲ್ಪ ಎತ್ತಿ ಬಲಗಣ್ಣಿನಿಂದ ನೋಡಿ, "ಷರಾ ಬರಿಲಿಲ್ಲಲ್ಲ" ಅಂದರು.

ಷರಾದಲ್ಲಿ ಏನು ಬರೆಯಬೇಕು ಅಂತ ಕೇಳಿದೆ.

"ಕಣ್ಣು ಆಯ್ತು ಅಂತ ಬರಿ. ಉಪ್ಪಿನ ಪಾಕೀಟಿಗಿ ಎಷ್ಟ್ ದಿನ ಆಯ್ತು, ಅದೂ ಬರಿ."

ಹಿಂದಿನ ಹಾಳೆ ತಿರುವಿ ಪಾಕೀಟು ಒಡೆದ ತಾರೀಖು ಹುಡುಕಿದೆ. 38 ದಿನ ಆಗಿತ್ತು. ಅವ್ವ ಡಬ್ಬಿ ತಂದು ತೋರಿಸಿದಳು. ತಳದಿಂದ ನಾಲ್ಕು ಬೆರಳು ಇನ್ನೂ ಇತ್ತು.