ಆರು ಜನರ ಕುಣಿತ, ಒಂದು ಕಲ್ಲು

ಸಿನಿಮಾಗಳಿಗೆ ನೀರು, ಬೆಂಕಿಯಂಥ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಮಾಡುವ ನಮ್ಮ ಎಫ್‌ಎಕ್ಸ್ ವಿಭಾಗಕ್ಕೆ ಹೊಸಬರು ಸೇರಿದಾಗಲೆಲ್ಲ ನಾನು ಒಂದು ಶಾಟ್ ಹಾಕಿ ತೋರಿಸುತ್ತಿದ್ದೆ. 2010ರ ‘ದಿ ಲಾಸ್ಟ್ ಏರ್‌ಬೆಂಡರ್’ ಸಿನಿಮಾದ್ದು. ಮಣ್ಣು ಕಲ್ಲುಗಳನ್ನು ಆಡಿಸುವ ಶಕ್ತಿಯುಳ್ಳ ಆರು ಜನ ಒಟ್ಟಾಗಿ ಕಾಲು ಬಡಿಯುತ್ತಾರೆ, ತೋಳು ಬೀಸುತ್ತಾರೆ, ಮತ್ತೆ ಕಾಲು ಬಡಿಯುತ್ತಾರೆ. ಇನ್ನೇನು ಭೂಮಿಯೇ ಬಿರಿಯುತ್ತದೆ ಎಂದು ನೋಡುವವರು ಕಾಯುತ್ತಾರೆ. ಆಗ ಒಂದೇ ಒಂದು ಕಲ್ಲು, ಯಾವ ಅವಸರವೂ ಇಲ್ಲದೆ, ಪರದೆಯ ಅಡ್ಡಕ್ಕೆ ತೇಲಿಕೊಂಡು ಹೋಗುತ್ತದೆ. ಕೋಣೆಯಲ್ಲಿ ನಗು ಏಳುತ್ತಿತ್ತು. ‘ಹೀಗೆ ಮಾಡಬೇಡಿ’ ಎಂದು ಹೇಳಿ ನಾನು ಮುಂದಿನ ಸ್ಲೈಡಿಗೆ ಹೋಗುತ್ತಿದ್ದೆ. ಅದು ಹಾಗೇಕಾಯಿತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರವೂ ಇರಲಿಲ್ಲ.

ಆ ಸಿನಿಮಾದ ಮೇಲೆ ನನಗೆ ಹಳೆಯ ಸಿಟ್ಟು. ಮೂಲ ಅನಿಮೇಷನ್ ಸರಣಿ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ನಿಕೆಲೋಡಿಯನ್‌ನಲ್ಲಿ 2005ರಿಂದ 2008ರವರೆಗೆ ಬಂದದ್ದು, ಮೂರು ಸೀಸನ್, 61 ಕಂತು. ಕಟ್ಟಾ ಅನಿಮೆ ಅಭಿಮಾನಿಗಳು ಇದನ್ನು ತಮ್ಮ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಕಟ್ಟಿದವರು ಅಮೆರಿಕದವರು, ಚಿತ್ರಿಸಿದ್ದು ದಕ್ಷಿಣ ಕೊರಿಯಾದ ಸ್ಟುಡಿಯೋಗಳು, ಜಪಾನಿನದ್ದೇನಿದೆ ಎಂಬುದು ಅವರ ವಾದ. ಆ ಜಗಳ ನನಗೆ ಬೇಡ. ಅನಿಮೇಷನ್ ಕಲಿಯುವ ದಿನಗಳಲ್ಲಿ ನಾನು ಅದನ್ನು ಫ್ರೇಮ್ ಫ್ರೇಮಾಗಿ ನಿಲ್ಲಿಸಿ ನೋಡಿದ್ದು ಚಲನೆಗಾಗಿ. ನೀರಿನವರಿಗೆ ತೈ ಚಿ, ಮಣ್ಣಿನವರಿಗೆ ಹುಂಗ್ ಗಾರ್, ಬೆಂಕಿಯವರಿಗೆ ಉತ್ತರ ಶಾವೊಲಿನ್, ಗಾಳಿಯವರಿಗೆ ಬಾಗುವಾ ಎಂದು ಒಂದೊಂದು ಕುಲಕ್ಕೂ ಒಂದೊಂದು ಸಮರಕಲೆ. ಅದಕ್ಕಾಗಿ ಒಬ್ಬ ಗುರುವನ್ನೇ ಸಲಹೆಗಾರರನ್ನಾಗಿ ಇಟ್ಟುಕೊಂಡಿದ್ದರು. ಹಿಮ್ಮಡಿ ನೆಲಕ್ಕೆ ತಾಕಿದರೆ ಕೆಲವೇ ಫ್ರೇಮ್‌ಗಳಲ್ಲಿ ಬಂಡೆ ಎದ್ದಿರುತ್ತದೆ. ಮಾಡಿದ್ದಕ್ಕೂ ಆದದ್ದಕ್ಕೂ ನಡುವೆ ಸಂಶಯಕ್ಕೆ ಜಾಗವಿಲ್ಲ.

ಸಿನಿಮಾಕ್ಕೆ ಏನೂ ಕಡಿಮೆ ಇರಲಿಲ್ಲ. 15 ಕೋಟಿ ಡಾಲರ್ ಬಜೆಟ್, ಎಫೆಕ್ಟ್ಸ್‌ಗೆ ಹಾಲಿವುಡ್‌ನ ಹೆಸರಾಂತ ಸ್ಟುಡಿಯೋ ಐಎಲ್‌ಎಂ, ಕ್ಯಾಮೆರಾ ಹಿಡಿದವರು ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಿಸಿದ ಆ್ಯಂಡ್ರ್ಯೂ ಲೆಸ್ನಿ. ಆದರೂ ಆ ಕಲ್ಲು. ಯಾರೋ ಒಬ್ಬ ಕಲಾವಿದ ಶುಕ್ರವಾರ ಸಂಜೆ ಮನೆಗೆ ಹೋಗುವ ಆತುರದಲ್ಲಿ ಮಾಡಿ ಎಸೆದದ್ದು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಐಎಲ್‌ಎಂನ ಶಿಸ್ತಿನ ಬಗ್ಗೆ ಇಷ್ಟೆಲ್ಲ ಕೇಳಿದ್ದರೂ ಅದನ್ನು ಹೇಗೆ ನಂಬಿದೆನೋ.

ಕಳೆದ ವರ್ಷ ಜಾನಪದ ಛಾಯೆಯ ಒಂದು ವೆಬ್ ಸರಣಿ ನಮಗೆ ಬಂತು. ನಾಯಕಿ ಬತ್ತಿದ ಹೊಳೆಯ ಮರಳಿನಲ್ಲಿ ನಿಂತು ನೀರು ಎಬ್ಬಿಸುವ ಶಾಟ್, ಫ್ರೇಮ್ 1001ರಿಂದ 1528ರವರೆಗೆ, ಒಂದೇ ಟೇಕ್. ಶಾಟ್‌ಗಳಿಗೆ ಬೆಲೆ ಕಟ್ಟುವ ಪಟ್ಟಿ, ಅಂದರೆ ಬಿಡ್ ಶೀಟಿನಲ್ಲಿ, ಅದು ಒಂದು ಸಾಲು. ಬಾಟಲಿಯ ಮೇಲಿನ ಚೀಟಿ ಅಳಿಸುವ ಎರಡು ಸೆಕೆಂಡಿನ ಶಾಟ್ ಒಂದು ಸಾಲು, ಇದೂ ಒಂದು ಸಾಲು. ಬಿಡ್ ಮಾಡುವವರಿಗೆ ಫ್ರೇಮ್ ಎಣಿಸುವ ಅಭ್ಯಾಸವಿಲ್ಲ, ಎಣಿಸಿದರೆ ಕೆಲಸ ಕೈತಪ್ಪುತ್ತದೆ ಎಂಬ ಭಯ ಮಾತ್ರ ಇದೆ.

ಚಿತ್ರಿಸಿದ್ದು ನಮ್ಮ ಕೈಸೇರುವ ಟರ್ನೋವರ್ ದಿನ ಪ್ಲೇಟ್, ಅಂದರೆ ಎಫೆಕ್ಟ್ಸ್ ಸೇರಿಸದ ಮೂಲ ದೃಶ್ಯ, ನೋಡಿದೆ. ನಟಿ ಚೆನ್ನಾಗಿ ಕಲಿತು ಬಂದಿದ್ದರು. 1049ರಲ್ಲಿ ಬೆರಳು ತಿರುಗುತ್ತದೆ, ಆಮೇಲೆ ಮಣಿಕಟ್ಟು, ಭುಜ, ಒಂದು ಪೂರ್ತಿ ಸುತ್ತು, ಕೊನೆಗೆ 1240ರಲ್ಲಿ ಎರಡೂ ಕೈ ಮೇಲೆ. ಸ್ಟೋರಿಬೋರ್ಡಿನಲ್ಲಿ ಮೂರು ಚೌಕ. ‘ನೀರು ಏಳುತ್ತದೆ’ ಎಂದು ಮೂರನೆಯದರ ಕೆಳಗೆ ಬರೆದಿತ್ತು. ಎಫ್‌ಎಕ್ಸ್ ಲೀಡ್ ಅದನ್ನೇ ಹಿಡಿದು, ಕೈ ಮೇಲೇರಿದಾಗಲೇ ನೀರು ಎಬ್ಬಿಸಿದರು. ನಮ್ಮ ಅನಿಮೇಟರ್ ಒಬ್ಬಳು, ಸೇರಿ ಇನ್ನೂ ಒಂದು ವರ್ಷವೂ ಆಗದವಳು, ಪ್ಲೇಬ್ಲಾಸ್ಟ್ ಎಂಬ ಕಚ್ಚಾ ವಿಡಿಯೊ ಜೊತೆ ‘ಪ್ರತಿಕ್ರಿಯೆ ತಡ ಅನ್ನಿಸುತ್ತಿದೆ ಮೇಡಂ’ ಎಂದು ನೋಟ್ ಹಾಕಿದಳು. ಓದಿ ಸಿಬಿಬಿ, ಅಂದರೆ ‘ಕುಡ್ ಬಿ ಬೆಟರ್’, ಸಮಯ ಸಿಕ್ಕರೆ ನೋಡೋಣ ಎಂದು ಗುರುತು ಹಾಕಿದೆ. ನೀರಿನ ಬದಲು ಬೂದು ಡಬ್ಬಗಳಿರುವ ಪ್ಲೇಬ್ಲಾಸ್ಟಿನಲ್ಲಿ ಎಲ್ಲವೂ ತಡ ಅನ್ನಿಸುತ್ತದೆ, ನಿಜವಾದ ನೀರು ಬಂದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ, ಸಿಮ್, ಅಂದರೆ ಕಂಪ್ಯೂಟರಿನ ನೀರಿನ ಸಿಮ್ಯುಲೇಷನ್, ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ ಎಂದು ಅವಳಿಗೆ ಹಿರಿಯರ ದನಿಯಲ್ಲಿ ಹೇಳಿದ್ದೂ ನೆನಪಿದೆ.

ನೀರು ನಿಜಕ್ಕೂ ಚೆನ್ನಾಗಿತ್ತು. ಅದರ ಲೆಕ್ಕದ ಫೈಲುಗಳು, ಅಂದರೆ ಫ್ಲಿಪ್ ಕ್ಯಾಷ್, ಸರ್ವರನ್ನು ತುಂಬಿ, ಪಕ್ಕದ ತಂಡದವರು ಜಾಗ ಖಾಲಿ ಮಾಡಿಕೊಡಿ ಎಂದು ಜಗಳಕ್ಕೆ ಬಂದಿದ್ದರು. ನೊರೆ, ತುಂತುರು, ಒದ್ದೆ ಮರಳಿನ ಹೊಳಪು, ಒಂದಕ್ಕೂ ಹೆಸರಿಡುವಂತಿರಲಿಲ್ಲ.

ಗ್ರಾಹಕರ ರಿವ್ಯೂ ಕರೆಯಲ್ಲಿ ಶಾಟ್ ಓಡಿತು. ನಿರ್ದೇಶಕರ ಚೌಕದಲ್ಲಿ ಅವರ ಗಲ್ಲ ಮಾತ್ರ ಕಾಣುತ್ತಿತ್ತು. ‘ಇನ್ನೊಮ್ಮೆ’ ಎಂದರು. ಓಡಿಸಿದೆವು. ‘ಇನ್ನೊಮ್ಮೆ.’ ಮೂರನೆಯ ಸಲ ಓಡುವಾಗ ನಾನು ನೀರು ನೋಡುವುದನ್ನು ಬಿಟ್ಟು ನಟಿಯನ್ನು ನೋಡಿದೆ. ಬೆರಳು ತಿರುಗಿತು, ಏನೂ ಆಗಲಿಲ್ಲ. ಭುಜ ತಿರುಗಿತು, ಏನೂ ಆಗಲಿಲ್ಲ. ಇಡೀ ದೇಹ ಒಂದು ಸುತ್ತು ಬಂತು, ಮರಳಿನ ಒಂದು ಕಣವೂ ಅಲುಗಲಿಲ್ಲ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 1049ರಿಂದ 1240ಕ್ಕೆ ಎಂಟು ಸೆಕೆಂಡು. ಕಾಗದದ ಮೇಲೆ ಎಂಟು ಸೆಕೆಂಡು ಏನೂ ಅಲ್ಲ. ಹದಿನಾಲ್ಕು ಜನ ಮ್ಯೂಟ್ ಮಾಡಿಕೊಂಡು ಕೂತ ಕರೆಯಲ್ಲಿ ಅದು ಮುಗಿಯುವುದೇ ಇಲ್ಲ. ನೀರು ಎದ್ದಾಗ ಅದಕ್ಕೂ ಆಕೆಗೂ ಸಂಬಂಧವೇ ಇದ್ದಂತೆ ಕಾಣಲಿಲ್ಲ. ಮೇಲಿನೂರಿನಲ್ಲಿ ಯಾರೋ ಅಣೆಕಟ್ಟಿನ ಗೇಟು ತೆಗೆದಿರಬೇಕು, ಅಷ್ಟೇ. ನಿರ್ಮಾಪಕರು ಮ್ಯೂಟ್ ತೆಗೆದು ನಗುವುದು ಕೇಳಿಸಿತು. ಆಮೇಲೆ ಅವರೇ ಕೇಳಿದರು: ‘ನೃತ್ಯ ಮುಗಿದ ಮೇಲೆ ನೀರು ಬರುತ್ತದೆಯೇ, ಮೇಡಂ?’

ನಾನು ಆಗ ಹೇಳಿದ ಉತ್ತರ ರೆಕಾರ್ಡಿಂಗ್‌ನಲ್ಲಿದೆ. ಸಿಮ್ ರೆಸಲ್ಯೂಷನ್ ಇನ್ನೂ ಏರಿಸಬಹುದು ಎಂದೆ. ಕೇಳಿದ್ದೇ ಬೇರೆ, ಹೇಳಿದ್ದೇ ಬೇರೆ. ಬ್ರಹ್ಮಾವರದ ಕಡೆಯ ನಮ್ಮ ಕಂಪೋಸಿಟಿಂಗ್ ಲೀಡ್ ಮೇಜಿನ ಆಚೆಯಿಂದ ಮೆಲ್ಲಗೆ, ‘ಹೆಜ್ಜೆ ಒಂದು ಕಡೆ, ಚೆಂಡೆ ಇನ್ನೊಂದು ಕಡೆ ಆದರೆ ವೇಷ ಎಷ್ಟು ದೊಡ್ಡದಿದ್ದು ಏನು ಪ್ರಯೋಜನ’ ಎಂದರು. ಮೈಕ್ ತೆರೆದೇ ಇತ್ತು.

ಮನೆಗೆ ಬಂದು ಆ ಸಿನಿಮಾವನ್ನು ಪೂರ್ತಿ ಹಾಕಿದೆ. ತುಣುಕಲ್ಲ, ಪೂರ್ತಿ 103 ನಿಮಿಷ. ಕಲ್ಲಿನ ಶಾಟ್ ಬಂದಾಗ ಮೊದಲ ಸಲ ಗಮನಿಸಿದ್ದು: ಅದು ಕತ್ತರಿಯಿಲ್ಲದ ಉದ್ದ ಟೇಕ್. ಕ್ಯಾಮೆರಾ ಸರಿಯುತ್ತ ಹೋಗುತ್ತದೆ, ಕುಣಿತವನ್ನು ಪೂರ್ತಿಯಾಗಿ ಹಿಡಿದಿದೆ. ಅಲ್ಲಿ ಎಫೆಕ್ಟ್ಸ್ ಕಲಾವಿದ ಆರು ಜನರ ಶ್ರಮವನ್ನು ಕಡಿಮೆ ಮಾಡಲಾರ, ಕಲ್ಲನ್ನು ಬೇಗ ಎಬ್ಬಿಸಿದರೂ ಉಳಿದ ಕುಣಿತ ಅನಾಥವಾಗುತ್ತದೆ. ಕಲ್ಲು ಹುಟ್ಟುವ ಮೊದಲೇ ಶಾಟ್ ಸತ್ತಿತ್ತು. ಶುಕ್ರವಾರ ಸಂಜೆಯ ಆ ಕಲಾವಿದನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮಾಡಿದ್ದಕ್ಕೂ ಆದದ್ದಕ್ಕೂ ನಡುವಿನ ಈ ಬಿರುಕು ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಎಲ್ಲೆಲ್ಲೂ ಅದೇ. ಸರಣಿಯಲ್ಲಿ ಮಣ್ಣಿನವರನ್ನು ಕೂಡಿಹಾಕಿದ್ದು ಸಮುದ್ರದ ನಡುವಿನ ಲೋಹದ ಸೆರೆಮನೆಯಲ್ಲಿ. ಹಿಡಿ ಮಣ್ಣೂ ಸಿಗದ ಜಾಗ, ಕೊನೆಗೆ ಕಲ್ಲಿದ್ದಲು ಬಂದು ಅವರನ್ನು ಉಳಿಸುತ್ತದೆ. ಸಿನಿಮಾದಲ್ಲಿ ಅವರ ಕಾಲ ಕೆಳಗೇ ಮಣ್ಣಿದೆ. ಅದನ್ನು ನೆನಪಿಸಲು ಒಬ್ಬ ಹುಡುಗ ಬಂದು ಭಾಷಣ ಮಾಡಬೇಕಾಗುತ್ತದೆ! ಬೆಂಕಿಯವರು ಸರಣಿಯಲ್ಲಿ ಬರಿಗೈಯಿಂದ ಜ್ವಾಲೆ ಚಿಮ್ಮಿಸುತ್ತಿದ್ದರು, ಇಲ್ಲಿ ಪಕ್ಕದಲ್ಲಿ ಪಂಜೋ ಒಲೆಯೋ ಉರಿಯುತ್ತಿರಬೇಕು. 20 ಕಂತುಗಳ ಮೊದಲ ಸೀಸನ್ನನ್ನು ಒಂದು ಸಿನಿಮಾಕ್ಕೆ ತುರುಕಿದ್ದರಿಂದ ನಡೆಯಬೇಕಾದದ್ದನ್ನೆಲ್ಲ ಯಾರಾದರೊಬ್ಬರು ಬಾಯಲ್ಲಿ ಹೇಳುತ್ತಾರೆ. ಏಷ್ಯಾದ ಛಾಯೆಯ ನಾಯಕರನ್ನು ಬಿಳಿಯ ನಟರಿಗೆ ಕೊಟ್ಟು, ಶತ್ರು ರಾಜಕುಮಾರನ ಪಾತ್ರಕ್ಕೆ ದೇವ್ ಪಟೇಲ್ ಅವರನ್ನು ಹಾಕಿದ ಬಗ್ಗೆ ಆಗಲೇ ಪ್ರತಿಭಟನೆ ನಡೆದಿತ್ತು, ಅದು ನ್ಯಾಯವೇ. ಇದೆಲ್ಲದರ ಮೇಲೆ 2ಡಿಯಲ್ಲಿ ಚಿತ್ರಿಸಿದ್ದನ್ನು ಕೊನೆಗೆ 3ಡಿಗೆ ಪರಿವರ್ತಿಸಿದರು. ಆ ವರ್ಷದ ಕೆಟ್ಟ ಚಿತ್ರಗಳ ರ‍್ಯಾಜಿ ಪ್ರಶಸ್ತಿಗಳಲ್ಲಿ ಕಣ್ಣು ಕೀಳುವಂಥ 3ಡಿ ದುರ್ಬಳಕೆಗೆಂದೇ ಒಂದು ವಿಭಾಗ ತೆರೆದು, ಅದನ್ನೂ ಇದಕ್ಕೇ ಕೊಟ್ಟರು. ಕೆಟ್ಟ ಚಿತ್ರ, ಕೆಟ್ಟ ನಿರ್ದೇಶನ, ಕೆಟ್ಟ ಚಿತ್ರಕಥೆ ಕೂಡ ಸೇರಿತು. ಜಗತ್ತಿನಾದ್ಯಂತ 30 ಕೋಟಿ ಡಾಲರಿಗೂ ಹೆಚ್ಚು ಗಳಿಸಿದರೂ ಮುಂದಿನ ಭಾಗ ಬರಲೇ ಇಲ್ಲ.

ಮರುದಿನ ಅನಿಮೇಟರ್ ಹುಡುಗಿಯ ನೋಟನ್ನು ಮತ್ತೆ ತೆರೆದೆವು. ಅವಳು ಬರೆದಿದ್ದರ ಕೆಳಗೆ ಪರಿಹಾರವೂ ಇತ್ತು, ನಾನು ಅಷ್ಟು ದೂರ ಓದಿರಲಿಲ್ಲ. ಬೆರಳು ತಿರುಗಿದ ಕೂಡಲೇ ಹಿಮ್ಮಡಿಯ ಸುತ್ತ ಮರಳು ಒದ್ದೆಯಾಗಿ ಕಪ್ಪಾಗಬೇಕು. ಮಣಿಕಟ್ಟಿಗೆ ಹನಿಗಳು ಜಿನುಗಬೇಕು. ಸುತ್ತು ತಿರುಗುವಾಗ ತೆಳ್ಳನೆಯ ಅಲೆ ಆಕೆಯ ಹಿಂದೆಯೇ ಸುತ್ತಬೇಕು. ಒದ್ದೆ ಮರಳನ್ನು, ದೃಶ್ಯದ ಪದರ ಜೋಡಿಸುವ ನ್ಯೂಕ್ ತಂತ್ರಾಂಶದಲ್ಲೇ, ಆ ಜಾಗವನ್ನಷ್ಟೇ ಗುರುತಿಸುವ ಒಂದು ಮ್ಯಾಟ್ ಮತ್ತು ಬಣ್ಣ ಬದಲಿಸುವ ಗ್ರೇಡ್‌ನಿಂದ ಮಾಡಿದೆವು. ಸರ್ವರ್ ನುಂಗಿದ ಆ ನೀರಿಗಿಂತ ಕೆಲಸ ಮಾಡಿದ್ದು ಅದೇ. ನಡುವಿನ ಭಾಗವನ್ನು ರೀಟೈಮ್ ಮಾಡಿ ವೇಗ ಹೆಚ್ಚಿಸಲು ಸಂಕಲನಕಾರರು ಒಪ್ಪಿದರು, ಒಂದಿಷ್ಟು ಫ್ರೇಮ್ ಇಳಿಯಿತು. ಶಾಟ್ ಫೈನಲ್ ಆಯಿತು, ಹೊಗಳಿಕೆ ಏನೂ ಬರಲಿಲ್ಲ. ಸೆಟ್ಟಿನಲ್ಲೇ ನಮ್ಮ ಕಡೆಯ ಒಬ್ಬರು ನಿಂತು ನೃತ್ಯವನ್ನು ಎರಡು ಹೆಜ್ಜೆ ಕಡಿಮೆ ಮಾಡಿಸಿದ್ದರೆ ಇದೆಲ್ಲ ಬೇಕಿರಲಿಲ್ಲ. ಆದರೆ ಸೆಟ್ ಮೇಲ್ವಿಚಾರಣೆಯ ಖರ್ಚನ್ನು ಬಿಡ್‌ನಿಂದ ಮೊದಲು ಕತ್ತರಿಸುವುದು ನಮ್ಮ ಮೇಲಿನವರೇ.

ತರಬೇತಿಯಲ್ಲಿ ಈಗಲೂ ಆ ಕಲ್ಲನ್ನು ತೋರಿಸುತ್ತೇನೆ, ಅದರ ಪಕ್ಕದಲ್ಲಿ ನಮ್ಮ ಶಾಟಿನ ಮೊದಲ ಆವೃತ್ತಿಯನ್ನೂ ಓಡಿಸುತ್ತೇನೆ. ನಗು ಎರಡನೆಯದಕ್ಕೇ ಹೆಚ್ಚು. ಸಿಬಿಬಿ ಗುರುತು ಹಾಕುವ ಮೊದಲು ನೋಟನ್ನು ಕೊನೆಯವರೆಗೆ ಓದುತ್ತೇನೆ, ಬೂದು ಡಬ್ಬದಲ್ಲಿ ತಡವಾದದ್ದು ನೀರಿನಲ್ಲೂ ತಡವೇ ಎಂದು ಹೇಳುತ್ತೇನೆ.

ಬಿಡ್ ಶೀಟಿಗೆ ಎರಡು ಕಾಲಂ ಸೇರಿಸಿ ಎಂದು ಮೇಲಿನವರಿಗೆ ಬರೆದೆ: ಒಂದು ಫ್ರೇಮ್ ಸಂಖ್ಯೆಗೆ, ಇನ್ನೊಂದು ಕ್ರಿಯೆ ಶುರುವಾಗುವ ಫ್ರೇಮಿಗೂ ಪರಿಣಾಮ ಕಾಣುವ ಫ್ರೇಮಿಗೂ ನಡುವಿನ ಅಂತರಕ್ಕೆ. ಸಭೆ ನಡೆಯಿತು. ಮುಂದಿನ ಪ್ರಾಜೆಕ್ಟಿನ ಶೀಟ್ ಬಂದಾಗ ಒಂದು ಕಾಲಂ ನಿಜಕ್ಕೂ ಹೆಚ್ಚಾಗಿತ್ತು. ತಲೆಬರಹ ‘ಷರಾ’. ಎಲ್ಲ ಸಾಲುಗಳಲ್ಲೂ ‘ಚರ್ಚಿಸಿದಂತೆ’ ಎಂದು ತುಂಬಿಸಿ ಕಳಿಸಿದ್ದರು.