ಹಿಟಾಚಿ ಕಟ್ಟುವ ಚೈನು: ದಪ್ಪ ನೋಡುತ್ತಿದ್ದ ನಾವು ಅಂಕಿ ಓದಲು ಕಲಿತದ್ದು

ಘಟ್ಟ ಇಳಿಯುವ ಮೊದಲು ಯಲ್ಲಾಪುರದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುವುದು ಹುಬ್ಬಳ್ಳಿ–ಅಂಕೋಲಾ ದಾರಿಯಲ್ಲಿ ಲೋಬೆಡ್, ಅಂದರೆ ಭಾರೀ ಯಂತ್ರ ಹೇರುವ ತಗ್ಗು ಹಲಗೆಯ ಟ್ರೇಲರ್, ಓಡಿಸುವ ನಮ್ಮ ಚಾಲಕರ ರೂಢಿ. ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಗ್ಗೆ, ಕಲ್ಲಿನ ಕ್ವಾರಿಯೊಂದರಿಂದ 20 ಟನ್ ತೂಕದ ಹಿಟಾಚಿಯನ್ನು ಹೇರಿಕೊಂಡು ಕರಾವಳಿಯ ಕಡೆಗೆ ಹೊರಟಿದ್ದೆವು. ಯಾವ ಕಂಪನಿಯ ಮಣ್ಣು ಅಗೆಯುವ ಯಂತ್ರವಾದರೂ ನಮ್ಮ ಕಡೆ ಅದಕ್ಕೆ ಹಿಟಾಚಿ ಎಂದೇ ಹೆಸರು, ಆದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಲೋಡಿಂಗ್ ಸೂಪರ್‌ವೈಸರ್ ಆಗಿ ನಾನೂ ಆ ದಿನ ಗಾಡಿಯಲ್ಲಿದ್ದೆ. ಚಹಾದ ಲೋಟ ಕೈಯಲ್ಲಿರುವಾಗಲೇ ಗಾಡಿಯನ್ನು ಒಂದು ಸುತ್ತು ಹಾಕಿ ಬಂದ ಕ್ಲೀನರ್ ಹುಡುಗ, "ಸರ, ಮುಂದಿನ ಚೈನು ಜೋತು ಬಿದ್ದೈತ್ರಿ, ಬಂದ್ ನೋಡ್ರಿ" ಎಂದು ಕರೆದ.

ಜೋತು ಬಿದ್ದದ್ದು ಮುಂದಿನ ಚೈನು ನಿಜ, ಆದರೆ ತಪ್ಪಿದ್ದದ್ದು ಹಿಂದೆ. ಬಲಭಾಗದ ಹಿಂದಿನ ಚೈನಿಗೆ ಹಾಕಿದ್ದ ಲಿವರ್ ಬೈಂಡರ್, ಅಂದರೆ ಹಿಡಿ ಮಡಚಿ ಚೈನು ಬಿಗಿಯುವ ಸಾಧನ, ದಾರಿಯ ಕುಲುಕಾಟಕ್ಕೆ ತೆರೆದುಕೊಂಡಿತ್ತು. ಎಡಭಾಗದ ಚೈನು ಎರಡು ತುಂಡುಗಳದ್ದು, ನಾವೇ ನಟ್ಟು-ಬೋಲ್ಟು ಹಾಕಿ ಸೇರಿಸಿದ್ದು, ಆ ಬೋಲ್ಟು ಬಿಲ್ಲಿನಂತೆ ಬಾಗಿ ನಿಂತಿತ್ತು. ಹಿಂದಿನ ಹಿಡಿತ ಸಡಿಲವಾದ ಕೂಡಲೇ ಯಂತ್ರ ಮುಂದಕ್ಕೆ ಸರಿದಿತ್ತು, ಬಲ ಟ್ರ್ಯಾಕ್ ನಾಲ್ಕು ಬೆರಳು, ಎಡ ಟ್ರ್ಯಾಕ್ ಎರಡು ಬೆರಳು. ಟ್ರ್ಯಾಕಿನ ಹಲ್ಲುಗಳಲ್ಲಿ ಮೆತ್ತಿಕೊಂಡು ಬಂದಿದ್ದ ಕ್ವಾರಿಯ ಕೆಸರು ಲೋಬೆಡ್ಡಿನ ಕಬ್ಬಿಣದ ಹಲಗೆಯ ಮೇಲೆ, ಅಂಗಳಕ್ಕೆ ಸೆಗಣಿ ಸಾರಿಸಿದ ಹಾಗೆ, ನುಣ್ಣಗೆ ಹರಡಿತ್ತು. ಅಲ್ಲಿಂದ ಮುಂದೆ ಅರಬೈಲ್ ಘಟ್ಟದ ಇಳಿಜಾರು. ಬ್ರೇಕ್ ತುಳಿದಾಗಲೆಲ್ಲ ಯಂತ್ರ ಮುಂದಕ್ಕೇ ನುಗ್ಗಲು ನೋಡುವ ದಾರಿ ಅದು, ಮತ್ತು ಆ ನುಗ್ಗುವಿಕೆಯನ್ನು ತಡೆಯಬೇಕಾಗಿದ್ದ ಎರಡೂ ಚೈನುಗಳು ಕೆಟ್ಟಿದ್ದವು.

ಆ ಚೈನುಗಳನ್ನು ಆರಿಸಿದವನು ನಾನೇ. ಗುಜರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತಂದಿದ್ದವು. ಕೊಂಡಿ ಹೆಬ್ಬೆರಳಿನ ಹತ್ತಿರ ದಪ್ಪವಿದ್ದರೆ ಯಾವ ಭಾರಕ್ಕೂ ಸಾಕು ಎಂಬುದು ನಮ್ಮ ಯಾರ್ಡಿನಲ್ಲಿ ಎಲ್ಲರ ನಂಬಿಕೆಯಾಗಿತ್ತು, ನನ್ನದೂ ಆಗಿತ್ತು. ಆ ನಂಬಿಕೆ ಎಷ್ಟು ತಪ್ಪು ಎಂಬುದು, ವಾಪಸು ಬಂದ ಮೇಲೆ ಚೈನು ತಯಾರಕರ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಕುಳಿತಾಗ ತಿಳಿಯಿತು.

ಚೈನಿನ ಬಲವನ್ನು ಹೇಳುವುದು ದಪ್ಪ ಒಂದೇ ಅಲ್ಲ, ಉಕ್ಕಿನ ಗ್ರೇಡ್ ಕೂಡ. 30, 43, 70, 80, 100 ಎಂದು ಗ್ರೇಡ್‌ಗಳಿವೆ, ಸಂಖ್ಯೆ ಏರಿದಷ್ಟೂ ಅದೇ ದಪ್ಪದ ಕೊಂಡಿ ಹೆಚ್ಚು ಭಾರ ತಡೆಯುತ್ತದೆ. ಸಾಧಾರಣ ಕಬ್ಬಿಣದ, ಗ್ರೇಡ್ 30ರ, ಅರ್ಧ ಇಂಚಿನ ಚೈನಿನ ಕೆಲಸದ ಮಿತಿ, ಅಂದರೆ ವರ್ಕಿಂಗ್ ಲೋಡ್ ಲಿಮಿಟ್, ಸುಮಾರು 2,040 ಕಿಲೋ. ಅದಕ್ಕಿಂತ ತೆಳ್ಳಗಿನ, 10 ಮಿಲಿಮೀಟರಿನ ಗ್ರೇಡ್ 80 ಚೈನಿನ ಮಿತಿ 3,150 ಕಿಲೋ. ಎರಡನ್ನೂ ಕೈಯಲ್ಲಿ ಹಿಡಿದವರು ದಪ್ಪನೆಯದನ್ನೇ ಆರಿಸುತ್ತಾರೆ, ನಾನೂ ಆರಿಸುತ್ತಿದ್ದೆ. ಗ್ರೇಡ್ ತಿಳಿಯಲು ಇರುವ ದಾರಿ ಕೊಂಡಿಯ ಮೇಲಿನ ಅಚ್ಚನ್ನು ಓದುವುದು. ಕೆಲವು ಕೊಂಡಿಗಳಿಗೊಮ್ಮೆ 7 ಅಥವಾ 70, 8 ಅಥವಾ 80, 10 ಅಥವಾ 100 ಎಂಬ ಗುರುತು ಇರುತ್ತದೆ. ಸಾಗಣೆಗೆಂದೇ ಮಾಡಿದ ಗ್ರೇಡ್ 70 ಚೈನಿಗೆ ಸಾಮಾನ್ಯವಾಗಿ ಬಂಗಾರದ ಬಣ್ಣದ ಲೇಪವಿರುತ್ತದೆ, ಆದರೆ ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದಾದ್ದರಿಂದ ಅಚ್ಚನ್ನೇ ನಂಬಬೇಕು. ಅಚ್ಚು ಕಾಣದ ಚೈನನ್ನು ಗ್ರೇಡ್ 30 ಎಂದೇ ಎಣಿಸಬೇಕು. ನಮ್ಮ ಗುಜರಿ ಚೈನುಗಳಲ್ಲಿ ಒಂದರ ಮೇಲೂ ಅಚ್ಚಿರಲಿಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಾನೇ ಅದರಲ್ಲಿ ಬಹಳ ದಿನ ಸಿಕ್ಕಿಕೊಂಡಿದ್ದೆ. ಅದೇ 10 ಮಿಲಿಮೀಟರಿನ ಗ್ರೇಡ್ 80 ಚೈನಿಗೆ ಒಂದು ಕಡೆ 3,150 ಕಿಲೋ ಎಂದೂ, ಯುರೋಪಿನ ಮಾನದಂಡದ ಬಿಲ್ಲೆ ತೂಗುಹಾಕಿದ ಲ್ಯಾಷಿಂಗ್, ಅಂದರೆ ಕಟ್ಟುವ, ಚೈನಿನ ಮೇಲೆ 6,300 ಡೆಕಾನ್ಯೂಟನ್ ಎಂದೂ ಬರೆದಿರುತ್ತದೆ. ಒಂದು ಡೆಕಾನ್ಯೂಟನ್ ಹೆಚ್ಚುಕಡಿಮೆ ಒಂದು ಕಿಲೋ ಭಾರಕ್ಕೆ ಸಮ. ಹಾಗಾದರೆ ಒಂದೇ ಚೈನಿಗೆ ಎರಡು ಪಟ್ಟಿನ ವ್ಯತ್ಯಾಸ ಹೇಗೆ? ಮೊದಲನೆಯದು ಎತ್ತುವ ಕೆಲಸದ ಮಿತಿ, ಮುರಿಯುವ ಭಾರದ ನಾಲ್ಕನೇ ಒಂದು ಭಾಗ. ಎರಡನೆಯದು ಕಟ್ಟುವ ಕೆಲಸದ ಮಿತಿ, ಮುರಿಯುವ ಭಾರದ ಅರ್ಧ. ತಲೆಯ ಮೇಲೆ ತೂಗುವ ಭಾರಕ್ಕೆ ಹೆಚ್ಚಿನ ಕಾಪು ಬೇಕು ಎಂಬುದೇ ಇದರ ಕಾರಣ. ಅಮೆರಿಕದ ಕೋಷ್ಟಕಗಳಲ್ಲಿ ಕಟ್ಟುವ ಗ್ರೇಡ್ 70 ಚೈನಿಗೂ ನಾಲ್ಕನೇ ಒಂದು ಭಾಗವನ್ನೇ ಬರೆಯುತ್ತಾರೆ. ಆದ್ದರಿಂದ ಒಂದು ಕೋಷ್ಟಕದ ಅಂಕಿಯನ್ನು ಇನ್ನೊಂದು ದೇಶದ ಸೂತ್ರಕ್ಕೆ ಹಾಕಿದರೆ ಲೆಕ್ಕ ಪೂರ್ತಿ ಕೆಡುತ್ತದೆ. ಕಟ್ಟಲು ಬಳಸಿದ ಚೈನನ್ನು ಕ್ರೇನಿಗೆ ಸಿಕ್ಕಿಸಿ ಎತ್ತಲು ಬಳಸಲೇಬಾರದು ಎಂಬುದನ್ನೂ ನಮ್ಮ ಯಾರ್ಡಿನಲ್ಲಿ ಆಗಲೇ ನಿಯಮ ಮಾಡಿದೆವು.

ಚೈನು ಸರಿಯಾದ ಮೇಲೂ ನಾವು ಎಡವಿದ್ದು ಬೈಂಡರಿನಲ್ಲಿ. ಅಮೆರಿಕದ ಸಾರಿಗೆ ನಿಯಮದ ಪ್ರಕಾರ 4,536 ಕಿಲೋ, ಅಂದರೆ 10,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ತೂಕದ ಭಾರೀ ಯಂತ್ರಕ್ಕೆ ಕನಿಷ್ಠ ನಾಲ್ಕು ಕಟ್ಟು ಬೇಕು, ಎಲ್ಲ ಕಟ್ಟುಗಳ ಮಿತಿಗಳ ಮೊತ್ತ ಯಂತ್ರದ ತೂಕದ ಅರ್ಧಕ್ಕೆ ಕಡಿಮೆಯಿರಬಾರದು, ಮತ್ತು ಟ್ರೇಲರಿನಿಂದ ನೇರವಾಗಿ ಯಂತ್ರಕ್ಕೆ ಹೋಗುವ ಚೈನಿನ ಮಿತಿಯಲ್ಲಿ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಅರ್ಧ ಇಂಚಿನ ಗ್ರೇಡ್ 70 ಚೈನಿನ ಮಿತಿ ಸುಮಾರು 5,130 ಕಿಲೋ. ಅದರ ಅರ್ಧ 2,565, ನಾಲ್ಕು ಚೈನಿಗೆ 10,260. 20 ಟನ್ನಿನ ಅರ್ಧ 10,000 ಆದ್ದರಿಂದ ಲೆಕ್ಕ ಕೂದಲೆಳೆಯ ಅಂತರದಲ್ಲಿ ಸರಿಹೊಂದುತ್ತದೆ. ಇದನ್ನು ನೋಡಿ ಸಮಾಧಾನಪಟ್ಟು ನಾಲ್ಕು ಹೊಸ ಚೈನು ತರಿಸಿದೆವು. ಆಮೇಲೆ ಬೈಂಡರಿನ ಮೈಮೇಲಿನ ಅಚ್ಚನ್ನು ಓದಿದರೆ ಅಲ್ಲಿ 9,200 ಪೌಂಡ್, ಅಂದರೆ ಸುಮಾರು 4,170 ಕಿಲೋ ಎಂದಿತ್ತು. 3/8 ಇಂಚು ಮತ್ತು ಅರ್ಧ ಇಂಚು, ಎರಡು ಅಳತೆಯ ಚೈನಿಗೂ ಕೂರುವ ಬೈಂಡರ್ ಅದು. ಅದರ ಹುಕ್ಕು ನಮ್ಮ ಚೈನಿಗೆ ಸರಿಯಾಗಿ ಕೂರುತ್ತಿತ್ತು, ಆದರೆ ಚೈನಿನಷ್ಟು ಬಲ ಅದಕ್ಕಿರಲಿಲ್ಲ. ಕಟ್ಟಿನ ಬಲ ಅದರಲ್ಲಿನ ಅತಿ ದುರ್ಬಲ ಭಾಗದ ಬಲವೇ ಆದ್ದರಿಂದ, 4,170ರ ಅರ್ಧ 2,085, ನಾಲ್ಕಕ್ಕೆ 8,340. ಲೆಕ್ಕ 1,660 ಕಿಲೋ ಕಡಿಮೆ ಬಿತ್ತು. ಐದನೆಯ ಕಟ್ಟು ಹಾಕಬೇಕು ಅಥವಾ 13,000 ಪೌಂಡಿನ ದೊಡ್ಡ ಬೈಂಡರ್ ತರಬೇಕು. ನಾವು ದೊಡ್ಡದನ್ನು ತಂದೆವು.

ಹುಕ್ಕು ಚೈನಿಗೆ ಕೂರುವುದೇ ಬೇರೆ, ಬಲ ಹೊಂದುವುದೇ ಬೇರೆ. ಈ ಒಂದು ವಿಷಯವನ್ನು ಹೊಸಬರಿಗೆ ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಚೈನು ಸಿಕ್ಕಿಸಲು ಟ್ರೇಲರಿನಲ್ಲಿರುವ ಡಿ-ರಿಂಗ್‌ಗೂ ಇದೇ ಮಾತು. ನಮ್ಮ ಹಳೆಯ ಲೋಬೆಡ್ಡಿನಲ್ಲಿ ಎರಡು ರಿಂಗುಗಳನ್ನು ಯಾವಾಗಲೋ ಸ್ಥಳೀಯ ವೆಲ್ಡರಿನಿಂದ ಬೆಸೆಸಿದ್ದೆವು, ಅವುಗಳ ಬಲ ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ. ಅವುಗಳಿಗೆ ಈಗ ಕೆಂಪು ಬಣ್ಣ ಬಳಿದಿದ್ದೇವೆ, ಚೈನು ಹಾಕುವುದಿಲ್ಲ.

ಇನ್ನು ದಿಕ್ಕಿನ ಮಾತು. ನಾಲ್ಕು ಮೂಲೆಗೆ ನಾಲ್ಕು ಚೈನು ಹಾಕಿದಾಗ ನಾಲ್ಕೂ ಸೇರಿ ಯಂತ್ರವನ್ನು ಹಿಡಿದಿವೆ ಎಂದು ಮನಸ್ಸು ಹೇಳುತ್ತದೆ. ಬ್ರೇಕ್ ಹಾಕಿದಾಗ ಯಂತ್ರ ಮುಂದಕ್ಕೆ ಹೋಗದಂತೆ ತಡೆಯುವುದು ಹಿಂದಕ್ಕೆ ಎಳೆಯುವ ಎರಡು ಚೈನುಗಳು ಮಾತ್ರ, ಉಳಿದೆರಡು ಆ ಕ್ಷಣದಲ್ಲಿ ಸಡಿಲಗೊಳ್ಳುತ್ತವೆ. ಯಲ್ಲಾಪುರದಲ್ಲಿ ಮುಂದಿನ ಚೈನು ಜೋತು ಬಿದ್ದದ್ದು ಇದೇ ಕಾರಣಕ್ಕೆ. ಯುರೋಪಿನ ಇಎನ್ 12195 ಮಾನದಂಡ ಮುಂದಕ್ಕೆ ತೂಕದ 0.8 ಪಟ್ಟು, ಅಕ್ಕಪಕ್ಕಕ್ಕೆ ಮತ್ತು ಹಿಂದಕ್ಕೆ 0.5 ಪಟ್ಟು ಬಲವನ್ನು ತಡೆಯುವಂತೆ ಕಟ್ಟಬೇಕೆನ್ನುತ್ತದೆ. 20 ಟನ್ನಿಗೆ ಮುಂದಿನ ನೂಕು 16 ಟನ್. ಚೈನು ಹಲಗೆಯಿಂದ 45 ಡಿಗ್ರಿ ಮೇಲಕ್ಕೂ, ಗಾಡಿಯ ಉದ್ದದಿಂದ 45 ಡಿಗ್ರಿ ಪಕ್ಕಕ್ಕೂ ವಾಲಿದ್ದರೆ ಅದರ ಎಳೆತದಲ್ಲಿ ಸರಿಯಾಗಿ ಅರ್ಧ ಮಾತ್ರ ಉದ್ದದ ದಿಕ್ಕಿಗೆ ಸಿಗುತ್ತದೆ. ಹಾಗೆ ಕಟ್ಟಿದ 10 ಮಿಲಿಮೀಟರಿನ ಗ್ರೇಡ್ 80 ಲ್ಯಾಷಿಂಗ್ ಚೈನು ಎರಡೂ ಸೇರಿ ಕೊಡುವುದು 6.3 ಟನ್. 13 ಮಿಲಿಮೀಟರಿನದಾದರೆ, ಒಂದೊಂದರ ಮಿತಿ 10,000 ಡೆಕಾನ್ಯೂಟನ್ ಆದ್ದರಿಂದ, ಎರಡೂ ಸೇರಿ 10 ಟನ್. ಉಳಿದ 6 ಟನ್ನನ್ನು ಯಂತ್ರಕ್ಕೂ ಹಲಗೆಗೂ ನಡುವಿನ ಘರ್ಷಣೆ ಹೊರಬೇಕು. ಜಾಗವಿದ್ದಲ್ಲಿ ಚೈನನ್ನು ಉದ್ದಕ್ಕೆ, ತಗ್ಗಾಗಿ ಎಳೆದು ಕಟ್ಟಿದರೆ ಅದರ ಬಲ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಾವು ಮೊದಲು ಚೈನು ಉಳಿಸಲೆಂದು ತೀರ ಕಡಿದಾಗಿ ಕಟ್ಟುತ್ತಿದ್ದೆವು.

ಘರ್ಷಣೆಯ ಮಾತು ಬಂದಾಗಲೆಲ್ಲ ಆ ಸಾರಿಸಿದ ಕೆಸರು ನನ್ನ ಕಣ್ಣ ಮುಂದೆ ಬರುತ್ತದೆ. ಕಬ್ಬಿಣದ ಮೇಲೆ ಕಬ್ಬಿಣ ಸುಲಭವಾಗಿ ಜಾರುತ್ತದೆ, ನಡುವೆ ಒದ್ದೆ ಮಣ್ಣಿದ್ದರೆ ಗ್ರೀಸ್ ಹಚ್ಚಿದಂತೆಯೇ. ಈಗ ಯಂತ್ರ ಹತ್ತಿಸುವ ಮೊದಲು ಟ್ರ್ಯಾಕಿನ ಮಣ್ಣನ್ನು ಹಾರೆಯಿಂದ ಕೆರೆಸಿ, ನೀರು ಹೊಡೆಸಿ, ಹಲಗೆಯ ಮೇಲೆ ಗಟ್ಟಿ ಮರದ ಪಟ್ಟಿಗಳನ್ನೋ ದಪ್ಪ ರಬ್ಬರನ್ನೋ ಹಾಸುತ್ತೇವೆ. ಇದಕ್ಕೆ ಅರ್ಧ ಗಂಟೆ ಹೋಗುತ್ತದೆ, ಕ್ವಾರಿಯವರು ಅವಸರ ಮಾಡುತ್ತಾರೆ, ಆದರೂ ಈ ಅರ್ಧ ಗಂಟೆಯನ್ನು ನಾನು ಬಿಟ್ಟುಕೊಡುವುದಿಲ್ಲ.

ಲಿವರ್ ಬೈಂಡರನ್ನು ನಾವು ಪೂರ್ತಿ ಕೈಬಿಟ್ಟಿದ್ದೇವೆ. ಅದು ಅಗ್ಗ, ಬೇಗ ಬಿಗಿಯುತ್ತದೆ, ಆದರೆ ಬಿಗಿದ ಚೈನಿನ ಬಲವೆಲ್ಲ ಆ ಒಂದು ಹಿಡಿಯಲ್ಲಿ ಸಂಗ್ರಹವಾಗಿರುತ್ತದೆ. ಬಿಚ್ಚುವಾಗ ಹಿಡಿ ಚಿಮ್ಮಿ ನಮ್ಮ ಹಿರಿಯ ಸಹಾಯಕರೊಬ್ಬರ ಮುಂಗೈ ಮುರಿಯಿತು, ಮೂರು ತಿಂಗಳು ಅವರು ಮನೆಯಲ್ಲಿ ಕುಳಿತರು. ಹಿಡಿಗೆ ಪೈಪು ತೂರಿಸಿ ಬಿಗಿಯುವ ಅಭ್ಯಾಸ ಇನ್ನೂ ಕೆಟ್ಟದ್ದು, ಏಕೆಂದರೆ ಬೈಂಡರಿಗೆ ಅದರ ಮಿತಿ ಮೀರಿದ ಬಲ ಬಿದ್ದದ್ದು ಬಿಗಿಯುವವನ ಕೈಗೆ ತಿಳಿಯುವುದೇ ಇಲ್ಲ. ರಾಚೆಟ್ ಬೈಂಡರ್ ಒಂದೊಂದೇ ಹಲ್ಲು ಬಿಗಿಯುತ್ತದೆ, ಒಂದೊಂದೇ ಹಲ್ಲು ಸಡಿಲಿಸುತ್ತದೆ. ಬಿಗಿದಾದ ಮೇಲೆ ಅದರ ಹಿಡಿಯನ್ನು ಚೈನಿನ ಉಳಿದ ತುದಿಯಿಂದ ಸುತ್ತಿ, ತಂತಿಯಿಂದ ಕಟ್ಟುತ್ತೇವೆ. ತಿರುಪಿನ ಭಾಗಕ್ಕೆ ಎಣ್ಣೆ ಹಾಕದಿದ್ದರೆ ಮಳೆಗಾಲದಲ್ಲಿ ತುಕ್ಕು ಹಿಡಿದು ಕೂರುತ್ತದೆ, ಆಗ ಬಿಗಿ ಬಂದಿದೆ ಎಂದು ಕೈಗೆ ಅನಿಸುವುದು ಚೈನಿನ ಬಿಗಿಯಲ್ಲ, ತುಕ್ಕಿನದ್ದು.

ಬಕೆಟ್ ಮತ್ತು ಅದನ್ನು ಹೊತ್ತ ತೋಳಾದ ಬೂಮ್ ಕೆಳಗಿಳಿಸಿ ಹಲಗೆಗೆ ಊರಿ, ಅದಕ್ಕೆ ಬೇರೆಯದೇ ಚೈನು ಹಾಕಬೇಕು. ಯಂತ್ರದ ನಾಲ್ಕು ಚೈನುಗಳ ಲೆಕ್ಕದಲ್ಲಿ ಅದನ್ನು ಸೇರಿಸುವುದಿಲ್ಲ. ಹುಕ್ಕನ್ನು ತಯಾರಕರು ಗುರುತು ಹಾಕಿದ ಜಾಗಕ್ಕೇ ಸಿಕ್ಕಿಸಬೇಕು, ಮೆಟ್ಟಿಲಿಗೋ ಕೈಹಿಡಿಗೋ ಅಲ್ಲ. ಚೈನು ಚೂಪಾದ ಅಂಚಿನ ಮೇಲೆ ಹಾಯದಂತೆ, ಗಂಟು ಬೀಳದಂತೆ, ತಿರುಚಿಕೊಳ್ಳದಂತೆ ನೋಡಬೇಕು. ಎರಡು ತುಂಡುಗಳನ್ನು ಬೋಲ್ಟಿನಿಂದ ಸೇರಿಸುವುದನ್ನು ಆ ದಿನಕ್ಕೇ ಬಿಟ್ಟೆವು. ವೆಲ್ಡಿಂಗ್ ಮಾಡುವುದೂ ಅಷ್ಟೇ ಅಪಾಯ, ಏಕೆಂದರೆ ಈ ಉಕ್ಕಿನ ಬಲ ಕಾಯಿಸಿ ಹದಗೊಳಿಸಿದ್ದರಿಂದ ಬಂದದ್ದು, ವೆಲ್ಡಿಂಗಿನ ಶಾಖ ಆ ಹದವನ್ನೇ ಕೆಡಿಸುತ್ತದೆ. ತಿಂಗಳಿಗೊಮ್ಮೆ ಚೈನುಗಳನ್ನು ತೊಳೆದು ಬಿಸಿಲಿಗೆ ಉದ್ದಕ್ಕೆ ಹಾಸಿ, ಕೊಂಡಿ ಕೊಂಡಿಗೆ ತಾಗುವ ಒಳಮೂಲೆಯನ್ನು ಕ್ಯಾಲಿಪರಿನಿಂದ ಅಳೆಯುತ್ತೇವೆ. ಸವೆತ ಹೊರಗಿನಿಂದ ಕಾಣುವುದಿಲ್ಲ, ಕೊಂಡಿಯನ್ನು ಸರಿಸಿ ಆ ಮೂಲೆ ನೋಡಿದರೆ ಮಾತ್ರ ಬೆಳ್ಳಗೆ ಹೊಳೆಯುವ ಗುಳಿ ಕಾಣುತ್ತದೆ. ಮೂಲ ದಪ್ಪದಲ್ಲಿ ಹತ್ತನೇ ಒಂದು ಭಾಗ ಸವೆದಿದ್ದರೆ, ಅಥವಾ ಕೊಂಡಿ ಹಿಗ್ಗಿ ಪಕ್ಕದ ಕೊಂಡಿಯೊಡನೆ ಸರಾಗವಾಗಿ ಆಡದಿದ್ದರೆ, ಆ ಚೈನನ್ನು ಕತ್ತರಿಸಿ ಗುಜರಿಗೆ ಹಾಕುತ್ತೇವೆ. ಕತ್ತರಿಸದೆ ಹಾಕಿದರೆ ನಮ್ಮಂಥವರೇ ಇನ್ನಾರೋ ಅದನ್ನು ಕಿಲೋ ಲೆಕ್ಕದಲ್ಲಿ ಕೊಂಡೊಯ್ಯುತ್ತಾರೆ.

ಎಷ್ಟು ಚೆನ್ನಾಗಿ ಕಟ್ಟಿದರೂ ಹೊರಟ ಮೇಲೆ ಯಂತ್ರ ಕುಳಿತುಕೊಳ್ಳುತ್ತದೆ, ಮರದ ಪಟ್ಟಿ ಅದುಮುತ್ತದೆ, ಚೈನು ಸಡಿಲಾಗುತ್ತದೆ. ಅಮೆರಿಕದ ನಿಯಮ ಮೊದಲ 50 ಮೈಲಿ, ಅಂದರೆ 80 ಕಿಲೋಮೀಟರಿನೊಳಗೆ ಒಮ್ಮೆ, ಆಮೇಲೆ ಮೂರು ಗಂಟೆ ಅಥವಾ 150 ಮೈಲಿಗೊಮ್ಮೆ ನೋಡಬೇಕೆನ್ನುತ್ತದೆ. ನಮ್ಮ ರಸ್ತೆಯ ಹಂಪುಗಳಿಗೆ 80 ಕಿಲೋಮೀಟರ್ ಬಹಳ ದೂರವಾಯಿತು. ಆ ಆಷಾಢದ ದಿನ ಮಳೆಯೆಂದು ಕಲಘಟಗಿಯಲ್ಲಿ ನಿಲ್ಲಿಸದೆ ಹೋಗಿದ್ದೆವು. ಈಗ ಮಳೆಯಿರಲಿ ಬಿಸಿಲಿರಲಿ, ಹುಬ್ಬಳ್ಳಿಯಿಂದ ಹೊರಟ ಗಾಡಿ ಕಲಘಟಗಿಯಲ್ಲಿ ನಿಲ್ಲುತ್ತದೆ. ಅಲ್ಲಿ ಪ್ರತಿ ರಾಚೆಟ್ಟೂ ಎರಡು ಮೂರು ಹಲ್ಲು ಬಿಗಿ ತೆಗೆದುಕೊಳ್ಳುತ್ತದೆ. ಟ್ರ್ಯಾಕಿನ ಪಕ್ಕ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿರುತ್ತೇವೆ, ಯಲ್ಲಾಪುರದಲ್ಲಿ ಮತ್ತೆ ಇಳಿದು ಗೆರೆ ನೋಡುತ್ತೇವೆ. ಗೆರೆ ಸರಿದಿರದೆ, ರಾಚೆಟ್ಟು ಒಂದು ಹಲ್ಲನ್ನೂ ತೆಗೆದುಕೊಳ್ಳದಿದ್ದರೆ ಚಹಾ ಕುಡಿದು ಘಟ್ಟ ಇಳಿಯುತ್ತೇವೆ.